ಪಟ್ಟಿಗೆ ಪೋಣಿಸಿದ ಎರಡು ಬಳೆ

ಎರಡು ಬಂಡೆಗಳ ನಡುವೆ ನೈಲಾನ್ ಪಟ್ಟಿ ಬಿಗಿದು ಅದರ ಮೇಲೆ ನಡೆಯುವ ಹುಚ್ಚು ನನಗೆ ಹತ್ತಿದ್ದು ತಲೆ ನರೆತ ಮೇಲೆ. ಹತ್ತಿಸಿದವನು ಅರಕಲಗೂಡಿನ ಗೆಳೆಯ, ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ನಾನು ಹಾಸನದಲ್ಲಿ ಬ್ಯಾಂಕ್ ನೌಕರ. ಇಬ್ಬರೂ ಶಿಬಿರಕ್ಕೆ ಹೋಗಿ ಕಲಿತು ಬಂದಿದ್ದೆವು. ಬಿದ್ದರೆ ನಮ್ಮನ್ನು ಹಿಡಿಯುವುದು ಸೊಂಟದ ಹಾರ್ನೆಸ್ಸಿಗೆ ಕಟ್ಟಿದ ಹಗ್ಗ. ಅದರ ಇನ್ನೊಂದು ತುದಿಗೆ ಕಟ್ಟಿದ ಲೋಹದ ಬಳೆ ಪಟ್ಟಿಯ ಮೇಲೆ ಜಾರುತ್ತ ಹಿಂದೆಯೇ ಬರುತ್ತದೆ. ಆ ಬಳೆಯನ್ನು ಹುಡುಕಿಕೊಂಡು ಚನ್ನರಾಯಪಟ್ಟಣದ ಹಾರ್ಡ್‌ವೇರ್ ಅಂಗಡಿಗೆ ಹೋದೆವು.

"ಯಾತಕ್ಕೆ ಸಾ?" ಎಂದರು ಅಂಗಡಿಯವರು.

"ಇದ್ರಲ್ಲಿ ನಾನು ನೇತಾಡ್ಬೇಕು," ಎಂದ ಗೆಳೆಯ.

ಅವರು ಅವನ ಹೊಟ್ಟೆಯನ್ನೊಮ್ಮೆ ನೋಡಿದರು. "ಅಂಗಾದ್ರೆ ದಪ್ಪದ್ನೇ ತತ್ತೀನಿ, ತಡೀರಿ."

ತಂದದ್ದು ಬೆಸುಗೆ ಹಾಕಿದ ಕಬ್ಬಿಣದ ಬಳೆ. ಎಷ್ಟು ಭಾರ ತಡೆಯುತ್ತದೆಂಬ ಅಚ್ಚು ಎಲ್ಲೂ ಇರಲಿಲ್ಲ.

"ಅಚ್ಚು ಯಾಕ್ ಸಾ? ಓರಿ ಕಟ್ಟಿದ್ರೂ ಬಿಚ್ಕಳಾಕಿಲ್ಲ."

"ಓರಿ ಬಂಡೆ ಮೇಲಿಂದ ಬೀಳಾಕಿಲ್ವಲ್ಲ," ಎಂದೆ.

"ಅದೂ ದಿಟವೇ," ಎಂದು ನಕ್ಕು ಬಳೆಯನ್ನು ಒಳಗಿಟ್ಟರು.

ಕೊನೆಗೆ ಬಂಡೆ ಹತ್ತುವವರ ಸಾಮಾನು ಮಾರುವವರಿಂದಲೇ ತರಿಸಿದೆವು: ಬೆಸುಗೆಯಿಲ್ಲದ, ತಾಕತ್ತಿನ ಅಚ್ಚು ಹೊತ್ತ ಎರಡು ಬಳೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು.

ಮಲ್ಲಿಪಟ್ಟಣದ ಆಚೆಯ ಬಂಡೆಗಳಲ್ಲಿ ಬೆಳಗಿನಿಂದ ಬೆವರಿಳಿಸಿ ಪಟ್ಟಿ ಬಿಗಿದೆವು. ಮೇಲಿನದು ಹರಿದರೆ ಇರಲಿ ಎಂದು ಅದರ ಕೆಳಗೇ ಇನ್ನೊಂದು ಪಟ್ಟಿ. ಹೊಳೆನರಸೀಪುರದಿಂದ ಬಂದಿದ್ದ ನನ್ನ ಅಕ್ಕ ನೆರಳಲ್ಲಿ ಕೂತು ಪುಳಿಯೋಗರೆ ಡಬ್ಬಿ ಕಾಯುತ್ತಿದ್ದಳು. ಗೆಳೆಯ ಹಾರ್ನೆಸ್ ತೊಟ್ಟು ನಿಂತ. ನಾನು ಚೀಲಕ್ಕೆ ಕೈಹಾಕಿದರೆ ಎರಡೂ ಬಳೆ ಅಲ್ಲೇ ಇವೆ! ಅವುಗಳಿಗೆ ತೆರೆಯುವ ಬಾಯಿಯಿಲ್ಲ, ಪಟ್ಟಿಗಳನ್ನು ಬಂಡೆಗೆ ಕಟ್ಟುವ ಮೊದಲೇ ಪೋಣಿಸಬೇಕಿತ್ತು.

ಗೆಳೆಯ ಪುಟ್ಟ ಬಾಗಿಲಿನಂತೆ ತೆರೆದು ಮುಚ್ಚುವ ಕೊಕ್ಕೆಯೊಂದನ್ನು ಚೀಲದಿಂದ ತೆಗೆದ. "ಇವತ್ತೊಂದಿನ ಇದ್ರಲ್ಲೇ ಓಗ್ಬುಡ್ತೀನಿ ಕಣ್ಲಾ."

ಪಟ್ಟಿಗೆ ಉಜ್ಜಿ ಉಜ್ಜಿ ಅದರ ಬಾಗಿಲು ಸಡಿಲವಾಗಬಹುದೆಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ಆದರೂ ಹಸಿವಿಗೆ ನನ್ನ ನಾಲಿಗೆ 'ಹೂಂ' ಎನ್ನುವುದರಲ್ಲಿತ್ತು.

"ಏನ್ರೋ ಅದು?" ಅಕ್ಕ ಎದ್ದು ಬಂದಳು. ಹೇಳಿದೆ. "ಬಿಚ್ಚಿ ಮೊದ್ಲು. ಅಲ್ಲೀವರ್ಗೂ ಡಬ್ಬಿ ಮುಚ್ಚಳ ತೆಗೆಯಲ್ಲ."

ಬಿಚ್ಚಿದೆವು. ಪೋಣಿಸಿದೆವು. ಮತ್ತೆ ಬಿಗಿದೆವು. ಒಬ್ಬರ ಗಂಟನ್ನು ಒಬ್ಬರು ಎಳೆದು ನೋಡಿದೆವು. ಆಮೇಲೆಯೇ ಊಟ.

ಮೊದಲು ಹೋದ ಗೆಳೆಯ ನಡುವಿನವರೆಗೂ ಜಂಬದಿಂದ ನಡೆದು ತಟ್ಟನೆ ಉರುಳಿದ. ಅಕ್ಕ ಕಣ್ಣು ಮುಚ್ಚಿಕೊಂಡಳು. ಹಗ್ಗ ಬಿಗಿಯಿತು, ಪಟ್ಟಿ ಜೋಲಿ ಹೊಡೆಯಿತು, ಅವನು ಪಟ್ಟಿಯ ಕೆಳಗೆ ಬಾವಲಿಯಂತೆ ತೂಗಾಡಿದ.

"ಇದೀಯೇನೋ?" ಅಂದಳು ಅಕ್ಕ, ಇನ್ನೂ ಕಣ್ಣು ಬಿಡದೆ.

"ಇವ್ನಿ ಅಕ್ಕಾ, ಪ್ಯಾಂಟು ಮಾತ್ರ ಅರ್ದೋಯ್ತು!"

ನನ್ನ ಸರದಿ ಬಂದಾಗ ಬಳೆಗಳು ಹಿಮ್ಮಡಿಯ ಹಿಂದೆ ಕಿಣಿಕಿಣಿ ಎನ್ನುತ್ತಿದ್ದವು. ತಿರುಗಿ ನೋಡುವ ಆಸೆಯಾಯಿತು. ನೋಡಿದೆ. ಬಿದ್ದೆ. ತೂಗಾಡುತ್ತ ತಲೆಯೆತ್ತಿದರೆ ಎರಡೂ ಬಳೆ ಬಿಸಿಲಿಗೆ ಹೊಳೆಯುತ್ತಿದ್ದವು. ಭಯದ ಜಾಗದಲ್ಲಿ ಗಟ್ಟಿಯಾಗಿ ನಗು ಬಂತು.