ಚಿಲಕದ ಪ್ರಶ್ನೆ

ಫೋನ್ ರಿಪೇರಿಯವನನ್ನು ಓಣಿಯೆಲ್ಲ ಕರೆಯುವುದು ತಕರಾರು ಎಂದೇ. ಕಂಪನಿಯವರು ಎಲ್ಲಿ ಸಭೆ ಕರೆದು ತಮ್ಮ ಫೋನಿನ ವ್ಯವಸ್ಥೆ ಎಲ್ಲರಿಗೂ ಮುಕ್ತ, ಯಾರು ಬೇಕಾದರೂ ಆ್ಯಪ್ ಬರೆದು ಹಾಕಬಹುದು ಎಂದು ಹೇಳಿದರೂ ಅಲ್ಲಿ ಇವನು ಹಾಜರು. ಕೊಟ್ಟ ಬಿಸ್ಕತ್ತನ್ನೆಲ್ಲ ತಿಂದು, ಬೆರಳು ಒರೆಸಿಕೊಂಡು, ಎದ್ದು ನಿಂತು ಕೇಳುವುದು ಒಂದೇ ಪ್ರಶ್ನೆ: "ಬಾಗಿಲು ತೆರೆದಿದೆ ಅಂತೀರಲ್ಲ ಸ್ವಾಮಿ, ಚಿಲಕ ಯಾವ ಕಡೆಗಿದೆ?" ಮೈಕು ಕಿತ್ತುಕೊಂಡರೆ ಗಂಟಲಿದೆ, ಹೊರಗೆ ದಬ್ಬಿದರೆ ಮೆಟ್ಟಿಲ ಮೇಲೆ ಕೂತು ಹೋಗಿಬರುವವರಿಗೆಲ್ಲ ಪಾಠ ಶುರು. ಒಡೆದ ಗಾಜು ಬದಲಿಸಲು ಬಂದ ಗಿರಾಕಿಯೂ ಅದನ್ನು ಕೇಳಿಸಿಕೊಳ್ಳದೆ ಫೋನ್ ವಾಪಸು ಪಡೆದದ್ದಿಲ್ಲ. "ಒಳಗಿನ ಕೋಡ್ ತೋರಿಸ್ತಾರೆ, ಸರಿ. ಆದ್ರೆ ಕಾವಲುಗಾರ ಅವರವನು, ನಿಯಮ ಅವರದು, ಅದನ್ನ ಬದಲಾಯಿಸೋ ದಿನಾನೂ ಅವರದೇ. ಇದ್ಯಾವ ಸೀಮೆ ಮುಕ್ತ?" ಇಷ್ಟು ಹಾರಾಡುವವನು ಬರೆದದ್ದು ಒಂದೇ ಆ್ಯಪ್, ಬಳಸುವವಳೂ ಒಬ್ಬಳೇ: ಕಣ್ಣು ಕಾಣದ ಅವನ ಅಕ್ಕ. ಬರುವ ಬಸ್ಸಿನತ್ತ ಫೋನ್ ಹಿಡಿದರೆ ಅದು ನಂಬರ್ ಓದಿ ಹೇಳುತ್ತದೆ. ಈಗ ಕಂಪನಿಯ ಹೊಸ ಫರ್ಮಾನು ಬಂದಿದೆ: ಬರೆದವನು ಗುರುತಿನ ಚೀಟಿ ಕೊಟ್ಟು, ಷರತ್ತಿನ ಹಾಳೆಗೆ ಸಹಿ ಹಾಕದಿದ್ದರೆ ಮುಂದಿನ ತಿಂಗಳಿಂದ ಆ್ಯಪ್ ನಡೆಯದು. ಅಕ್ಕನ ಮುಖ ನೋಡಿ ತಕರಾರು ಮೊದಲ ಸಲ ತಲೆ ತಗ್ಗಿಸಿ ಪೆನ್ನು ತೆಗೆದ. ಪೆನ್ನಿನ ಟಕ್ಕೆಂಬ ಸದ್ದು ಕೇಳಿದ್ದೇ ಅಕ್ಕ ತಡವಿ ಅದನ್ನು ಕಸಿದುಕೊಂಡಳು. "ನನ್ನ ಫೋನಿಗೆ ನನ್ನ ತಮ್ಮ ಏನು ಹಾಕ್ಬೇಕು ಅನ್ನೋದಕ್ಕೆ ಅವರ ಅಪ್ಪಣೆ ಯಾಕೋ? ನಲವತ್ತು ವರ್ಷ ಪಕ್ಕದಲ್ಲಿ ನಿಂತೋರನ್ನ ಬಸ್ ನಂಬರ್ ಕೇಳಿದ್ದೀನಿ, ಇನ್ನೂ ಕೇಳ್ತೀನಿ. ಇವರನ್ನ ಮಾತ್ರ ಕೇಳಲ್ಲ."