ಅವ್ವನ ದೀಪ ಊದಿದ ಟಿವಿಯವರು

ಈಗ ಸಂಜೆ ಆರೂವರೆ. ಗೆಳೆಯರೇ, ಹೊಸದುರ್ಗದ ಸೈಬರ್ ಸೆಂಟರಿನಲ್ಲಿ ಕುಳಿತು ಇದನ್ನು ಟೈಪ್ ಮಾಡುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಟಿವಿಯಲ್ಲಿ ವಾರದಿಂದ ಯುದ್ಧದ್ದೇ ಮಾತು. ಇಂದು ಬೆಳಿಗ್ಗೆ ಒಂದು ಚಾನೆಲ್‌ನವರು ಮತ್ತೋಡಿನ ನಮ್ಮ ಮನೆಗೂ ಬಂದರು. ಗಡಿಯಲ್ಲಿ ತೀರಿಕೊಂಡ ನನ್ನ ತಮ್ಮನ ಫೋಟೋ ಮುಂದೆ ಅವ್ವ ದೀಪ ಹಚ್ಚುವುದನ್ನು ಅವರು ಕ್ಯಾಮೆರಾದಲ್ಲಿ ತೆಗೆಯಬೇಕಿತ್ತಂತೆ. ಅಷ್ಟರಲ್ಲಿ ಅವ್ವ ಹಚ್ಚಿಯಾಗಿತ್ತು.

“ಇನ್ನೊಂದ್ಸಲ ಹಚ್ಚಿ ಅಮ್ಮ,” ಎಂದ ಮೈಕ್ ಹಿಡಿದವನು.

“ಉರಿಯೋ ದೀಪಾನ ಹೆಂಗಪ್ಪ ಹಚ್ಚದು?” ಎಂದಳು ಅವ್ವ.

ಅವನು ಬಗ್ಗಿ ಉಫ್ ಎಂದು ಊದಿಯೇಬಿಟ್ಟ. “ಈಗ ಹಚ್ಚಿ. ಅಳು ಬಂದ್ರೆ ತಡ್ಕೋಬೇಡಿ.”

ನಮ್ಮಲ್ಲಿ ದೀಪವನ್ನು ಯಾರೂ ಬಾಯಿಂದ ಊದುವುದಿಲ್ಲ. ಎಣ್ಣೆ ತೀರಿ ಅದು ತಾನಾಗಿ ಶಾಂತವಾಗಬೇಕು. ಸತ್ತ ಮಗನ ಮುಂದಿನ ದೀಪವಂತೂ ಕೇಳಲೇಬೇಡಿ.

“ಲೇ, ಹೊರಗ್ ನಡಿಯಲೇ!” ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಯಾರಿಗೂ ಅಂದವನಲ್ಲ.

ಅವ್ವ ಮಾತ್ರ ಮೆಲ್ಲಗೆ ಕೇಳಿದಳು: “ನಿಮ್ಮವ್ವನ ಮನ್ಯಾಗೂ ಹಿಂಗೇ ಊದ್ತೀಯೇನಪ್ಪ?” ಬೆಂಕಿಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದಳು.

ಅವನು ಅಂಗಳದಲ್ಲಿ ನಿಂತು ಕ್ಯಾಮೆರಾಗೆ ಹೇಳಿದ: “ಮಗನನ್ನು ಕಳೆದುಕೊಂಡ ಈ ತಾಯಿಯೂ ಯುದ್ಧ ಬೇಕು ಅಂತಿದ್ದಾರೆ.”

ಅವ್ವ ಯುದ್ಧದ ಹೆಸರನ್ನೇ ಎತ್ತಿರಲಿಲ್ಲ. ದೀಪ ಊದಿದ ಬಾಯಿಗೆ ಸುಳ್ಳು ಯಾವ ಭಾರ?

ನಾಳೆ ಸಂಜೆ ಏಳಕ್ಕೆ ಪ್ರಸಾರವಂತೆ. ಮತ್ತೋಡಿನಲ್ಲಿ ದಿನಾ ಸಂಜೆ ಆರರಿಂದ ಎಂಟರವರೆಗೆ ಕರೆಂಟ್ ಇರುವುದಿಲ್ಲ.