ಶುಕ್ರವಾರದ ಹನ್ನೆರಡೂ ಹತ್ತರ ಬಸ್ಸು

ದಾವಣಗೆರೆಯಿಂದ ಹೊರಟ ರೈಲು ಗುರುವಾರ ಸಂಜೆ ನನ್ನನ್ನು ಬೆಂಗಳೂರಿನಲ್ಲಿ ಇಳಿಸಿದಾಗ ಸಣ್ಣಗೆ ಹನಿಯುತ್ತಿತ್ತು. ಐದು ಗಂಟೆಯ ದಾರಿ ಆರೂವರೆ ಗಂಟೆ ಹಿಡಿದಿತ್ತು. ನಮ್ಮ ಕಂಪನಿಯವರ ಟಿಕೆಟ್, ಹೋಟೆಲ್, ವೀಸಾ ನೋಡಿಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಬೇರೆಯವರನ್ನು ಊರೂರಿಗೆ ಕಳಿಸುತ್ತಿದ್ದೇನೆ. ನಾನು ಹೋಗುವುದು ಅಪರೂಪ. ಈ ಸಲ ನಮ್ಮಂಥವರದೇ ಒಂದು ಸಮ್ಮೇಳನ, ಬಸವನಗುಡಿಯಲ್ಲಿ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಬುಕಿಂಗ್ ತಪ್ಪುಗಳ ಬಗ್ಗೆ ನಾನು ಹತ್ತು ನಿಮಿಷ ಮಾತಾಡಬೇಕಿತ್ತು.

ಏನು ಹೇಳಬೇಕೆಂದು ತಲೆ ಕೆಡಿಸಿಕೊಂಡಿರಲಿಲ್ಲ. ನನ್ನ ಬಳಿ ಒಂದು ಕತೆ ಇದೆ, ಎಲ್ಲ ಕಡೆ ಅದನ್ನೇ ಹೇಳುತ್ತೇನೆ. ಆರು ವರ್ಷದ ಹಿಂದೆ ನಮ್ಮ ಹಿರಿಯ ಎಂಜಿನಿಯರ್ ಭಾನುವಾರ ರಾತ್ರಿ ಜರ್ಮನಿಗೆ ಹೊರಡಬೇಕಿತ್ತು. ವಿಮಾನ ಮಧ್ಯರಾತ್ರಿ ದಾಟಿ ಹನ್ನೆರಡೂ ನಲವತ್ತಕ್ಕೆ, ಅಂದರೆ ಟಿಕೆಟ್ ಸೋಮವಾರದ ತಾರೀಖಿಗೆ ಆಗಬೇಕು. ನಾನು ಚೀಟಿಯಲ್ಲಿ ಸೋಮವಾರ ಎಂದು ನೀಲಿ ಇಂಕಿನಲ್ಲಿ ಬರೆದುಕೊಟ್ಟೆ. ಟಿಕೆಟ್ ಮಾಡುತ್ತಿದ್ದ ನಾಗವೇಣಿ ಭಾನುವಾರದ್ದು ಮಾಡಿಬಿಟ್ಟರು. ಎಂಜಿನಿಯರ್ ಸೂಟ್‌ಕೇಸ್ ಎಳೆದುಕೊಂಡು ಹೋಗುವಷ್ಟರಲ್ಲಿ ವಿಮಾನ ಹೋಗಿ ಒಂದು ದಿನವಾಗಿತ್ತು. ನಾಗವೇಣಿಯವರನ್ನು ಸ್ಟೋರ್ಸ್‌ಗೆ ಹಾಕಿದರು; ಎರಡು ತಿಂಗಳಲ್ಲಿ ಅವರು ಕೆಲಸವನ್ನೇ ಬಿಟ್ಟರು. ಕತೆ ಕೇಳಿದವರೆಲ್ಲ ನಗುತ್ತಾರೆ.

ಉಳಿದುಕೊಂಡದ್ದು ಚಾಮರಾಜಪೇಟೆಯ ಲಾಡ್ಜಿನಲ್ಲಿ. ತತ್ವಶಾಸ್ತ್ರದ ಎಂ.ಎ. ಓದುವಾಗ ಎರಡು ವರ್ಷ ಅದೇ ಪೇಟೆಯಲ್ಲಿ ಒಂದು ರೂಮಿನಲ್ಲಿದ್ದೆ. ಆಗ ದಿನಾ ಇಡ್ಲಿ ತಿನ್ನುತ್ತಿದ್ದ ಮೂಲೆಯ ಹೋಟೆಲನ್ನು ಹುಡುಕಿಕೊಂಡು ಹೋದೆ. ಅಲ್ಲಿ ಔಷಧಿ ಅಂಗಡಿ ಇತ್ತು.

"ಹೋಟೆಲ್ ಯಾವಾಗ ಮುಚ್ಚಿದ್ರು?" ಎಂದು ಅಂಗಡಿಯವರನ್ನು ಕೇಳಿದೆ.

"ಇಲ್ಲಿ ಹೋಟೆಲ್ ಇರ್ಲೇ ಇಲ್ವಲ್ಲ ಸಾರ್. ನಮ್ಮ ತಾತನ ಕಾಲದಿಂದ ಇದೇ ಅಂಗಡಿ."

"ಹಸಿರು ಬೆಂಚು ಕೂಡ ನೆನಪಿದೆ ನನಗೆ."

"ಬೆಂಚು ಇರುತ್ತೆ ಸಾರ್, ಬೇರೆ ಎಲ್ಲೋ ಇರುತ್ತೆ," ಎಂದು ಅವರು ಮುಂದಿನ ಗಿರಾಕಿಯತ್ತ ತಿರುಗಿದರು.

ಅವರೇ ತಪ್ಪು ಎಂದುಕೊಂಡು ಬೇಗ ಮಲಗಿದೆ.

ಬೆಳಿಗ್ಗೆ ಎರಡು ಆಟೋದವರು ಬರುವುದಿಲ್ಲ ಎಂದರು. ಮೂರನೆಯವನು ಮಳೆ ಎಂದು ನೂರೈವತ್ತು ಕೇಳಿದ. ಆಮಂತ್ರಣದಲ್ಲಿದ್ದ ರಸ್ತೆಯನ್ನು ಬಸವನಗುಡಿಯಲ್ಲೆಲ್ಲ ಹುಡುಕಿದೆವು, ಎನ್.ಆರ್. ಕಾಲೋನಿಗೂ ಎರಡು ಸುತ್ತು ಹಾಕಿದೆವು. ಕೊನೆಗೆ ಸಿಕ್ಕಿದ್ದು ಹನುಮಂತನಗರದ ಒಂದು ಕಲ್ಯಾಣ ಮಂಟಪ. ಬಾಗಿಲಲ್ಲಿ ಬ್ಯಾಡ್ಜ್ ಕೊಡುತ್ತಿದ್ದ ಹೆಂಗಸು ಸಮಾಧಾನವಾಗಿ ಹೇಳಿದರು: "ಬಸವನಗುಡಿ ಅಂತ ಹಾಕಿದ್ರೆ ಹೊರಗಿನವ್ರಿಗೆ ಸುಲಭ ಅಂತ ಹಾಕಿದ್ವಿ ಸಾರ್." ಜನರನ್ನು ಸರಿಯಾದ ಜಾಗಕ್ಕೆ ತಲುಪಿಸಿ ಸಂಬಳ ತೆಗೆದುಕೊಳ್ಳುವ ಇನ್ನೂರು ಮಂದಿ, ಹತ್ತು ಗಂಟೆಯ ಸಭೆಗೆ ಹನ್ನೊಂದರವರೆಗೂ ದಾರಿ ಕೇಳಿಕೊಂಡು ಬರುತ್ತಲೇ ಇದ್ದರು. ಖಾರಾಬಾತ್ ಅಷ್ಟರಲ್ಲಿ ಖಾಲಿ. ಮೊದಲ ಭಾಷಣಕಾರರು, ಇನ್ನು ಮುಂದೆ ಪ್ರಯಾಣಿಕ ಬಾಯಿ ತೆರೆಯುವ ಮೊದಲೇ ಯಂತ್ರ ಟಿಕೆಟ್ ಮಾಡಿಟ್ಟಿರುತ್ತದೆ ಎಂದರು. ಅವರ ಲ್ಯಾಪ್‌ಟಾಪನ್ನು ಪರದೆಗೆ ಜೋಡಿಸಲು ಇಪ್ಪತ್ತು ನಿಮಿಷ ಬೇಕಾಯಿತು.

ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕೂತವರು, "ಸಾರ್, ಚೆನ್ನಾಗಿದೀರಾ?" ಎಂದರು. ನಾಗವೇಣಿ. ಈಗ ಮಲ್ಲೇಶ್ವರದ ಒಂದು ಆಫೀಸಿನಲ್ಲಿ ನನ್ನದೇ ಕೆಲಸ, ಕೈಕೆಳಗೆ ನಾಲ್ಕು ಜನ.

"ಮೂರು ಗಂಟೆಗೆ ನನ್ನ ಕತೆ ಹೇಳ್ತೀರಾ?" ಎಂದು ಕೇಳಿದರು.

ನಾನು ಕೋಸಂಬರಿ ಬಾಯಿಗೆ ಹಾಕಿಕೊಂಡೆ.

"ಹೋದ್ಸಲ ಹುಬ್ಬಳ್ಳಿಲಿ ಹೇಳಿದ್ರಂತೆ. ನಮ್ಮ ಹುಡುಗೀರು ನಕ್ಕೊಂಡು ಬಂದು ನನಗೇ ಹೇಳಿದ್ರು. ಅದು ನಾನು ಅಂತ ಅವ್ರಿಗೆ ಗೊತ್ತಿಲ್ಲ. ನಾಲ್ಕೂ ಜನ ಇಲ್ಲೇ ಇದಾರೆ. ಹೇಳೋದಾದ್ರೆ ಸರಿಯಾಗಿ ಹೇಳಿ."

"ಚೀಟಿ ಕೊಟ್ಟಿದ್ದೆನಲ್ಲಮ್ಮ. ನೀಲಿ ಇಂಕು."

"ಯಾವ ಚೀಟಿ ಸಾರ್? ನಿಮ್ಮ ಭಾಮೈದನ ಮದುವೆ ಅಂತ ಶಿರಸಿಗೆ ಹೋಗಿದ್ರಿ. ಅಲ್ಲಿಂದ ಫೋನ್ ಮಾಡಿ ಭಾನುವಾರ ಅಂದ್ರಿ."

ಮದುವೆ ನಡೆದದ್ದು ನಿಜ. ಆದರೆ ಅದು ಬೇರೆ ತಿಂಗಳು ಎಂದು ನನ್ನ ನೆನಪು. ಚೀಟಿ ಕಣ್ಣಿಗೆ ಕಟ್ಟಿದ ಹಾಗಿತ್ತು. ಹಸಿರು ಬೆಂಚೂ ಹಾಗೇ ಇತ್ತು.

ಸಾರು ಬಂತು. ಹಳೇ ಅಭ್ಯಾಸದಿಂದಲೋ ಏನೋ, "ವಾಪಸ್ ಯಾವಾಗ?" ಎಂದರು.

"ಇವತ್ತು ರಾತ್ರಿ. ಹನ್ನೆರಡೂ ಹತ್ತರ ಬಸ್ಸು."

"ಟಿಕೆಟಲ್ಲಿ ಯಾವ ವಾರ ಇದೆ?"

"ಇವತ್ತಿಂದೇ. ಶುಕ್ರವಾರ."

ಅನ್ನ ಬಡಿಸಲು ಬಂದವರನ್ನು ಅವರು ಕೈ ಅಡ್ಡ ಹಿಡಿದು ತಡೆದರು. "ತೋರಿಸಿ." ಎಡಗೈಯಲ್ಲಿ ಮೊಬೈಲ್ ಚಾಚಿದೆ. ನೋಡಿ, ಮೆಲ್ಲಗೆ ಹೇಳಿದರು: "ಇದು ಹೋಯ್ತು ಸಾರ್. ನಿನ್ನೆ ರಾತ್ರಿ ನೀವು ಮಲಗಿದ್ರಲ್ಲ, ಆಗ. ಇವತ್ತು ರಾತ್ರಿದು ಬೇಕಾದ್ರೆ ಶನಿವಾರಕ್ಕೆ ಮಾಡ್ಬೇಕಿತ್ತು. ಯಾರು ಮಾಡಿದ್ದು?"

"ನಾನೇ."

ಅವರು ನಗಲಿಲ್ಲ. "ಪಾಯಸ ಹಾಕಿಸ್ಕೊಳ್ಳಿ," ಎಂದರು. ನಕ್ಕಿದ್ದರೆ ವಾಸಿಯಿತ್ತು.

ಮೂರಕ್ಕೆ ಮೈಕು ಕೈಗೆ ಬಂತು. ಜರ್ಮನಿಯ ಕತೆಯನ್ನೇ ಹೇಳಿದೆ. ಆದರೆ ಆ ತಪ್ಪು ಬಹುಶಃ ನನ್ನದು, ಅದಕ್ಕಾಗಿ ಇನ್ನೊಬ್ಬರು ಕೆಲಸ ಕಳೆದುಕೊಂಡರು, ಆರು ವರ್ಷ ನಾನು ಅದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗಿದೆ ಎಂದೆ. ಇವತ್ತು ತಪ್ಪಿದ ನನ್ನದೇ ಬಸ್ಸಿನ ವಿಷಯಕ್ಕೆ ಬಂದಾಗ ಎಲ್ಲರೂ ನಕ್ಕರು. ಮೂರನೇ ಸಾಲಿನಲ್ಲಿ ನಾಲ್ಕು ಹುಡುಗಿಯರೂ ನಕ್ಕರು. ಅವರ ನಡುವೆ ಕೂತ ನಾಗವೇಣಿ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದರು.

ಹೊರಗೆ ಕಾಫಿ ಕೊಡುವಲ್ಲಿ ಹತ್ತಿರ ಬಂದರು. "ಆರೂ ಮುಕ್ಕಾಲಿಗೆ ಒಂದು ಬಸ್ಸಿದೆ, ಕಿಟಕಿ ಸೀಟು ಮಾಡಿದೀನಿ. ತಾರೀಖು ನೀವೇ ಒಂದ್ಸಲ ನೋಡ್ಕೊಂಬಿಡಿ."

ಎರಡು ಸಲ ನೋಡಿದೆ. ಸರಿಯಿತ್ತು.

"ಆ 'ಬಹುಶಃ' ಬೇಕಿತ್ತಾ ಸಾರ್?"

"ನನಗೆ ನಿಜವಾಗಿ ನೆನಪಿಲ್ಲಮ್ಮ."

"ನನಗಿದೆ," ಎಂದು ಹೇಳಿ ತಮ್ಮ ಹುಡುಗಿಯರ ಕಡೆ ಹೋದರು. ಆಟೋ ಹತ್ತಿ ಹಿಂತಿರುಗಿ ನೋಡಿದಾಗ ಅವರು ಮಂಟಪದ ಮೆಟ್ಟಿಲ ಮೇಲೆ ನಿಂತು ಯಾರನ್ನು ಎಲ್ಲಿ ಇಳಿಸಬೇಕೆಂದು ಕ್ಯಾಬ್ ಡ್ರೈವರ್‌ಗೆ ವಿವರಿಸುತ್ತಿದ್ದರು.

ಸೋಮವಾರ ದಾವಣಗೆರೆಯ ಆಫೀಸಿನಲ್ಲಿ ಆರು ವರ್ಷ ಹಿಂದಿನ ಹಾಜರಿ ಪುಸ್ತಕ ತೆಗೆಸಿದೆ. ಧೂಳು ಒರೆಸಿ ಆ ವಾರ ಹುಡುಕಿದೆ. ಟಿಕೆಟ್ ಮಾಡಿದ ದಿನವೂ ಸೇರಿ ನನ್ನ ಹೆಸರಿನ ಮುಂದೆ ನಾಲ್ಕು ದಿನ ರಜೆ. ಪಕ್ಕದಲ್ಲಿ ಕಾರಣ: ಮದುವೆ, ಶಿರಸಿ. ಬರೆದದ್ದು ನಾನೇ, ನೀಲಿ ಇಂಕಿನಲ್ಲಿ. ಪುಟದ ಫೋಟೋ ತೆಗೆದು ನಾಗವೇಣಿಯವರಿಗೆ ಕಳಿಸಿದೆ. ಕೆಳಗೆ ಒಂದು ಸಾಲು: ಆ 'ಬಹುಶಃ' ಬೇಕಿರಲಿಲ್ಲ.